ನಾನು ತಿದ್ದಿದ ಶುದ್ಧ ಧೈವತ

ರೀಟಾ, ನಿನ್ನ ತಂದೆ ಆ ಹಾಡಿನಲ್ಲಿ ತಪ್ಪು ಬರೆದಿರಲಿಲ್ಲ. ತಪ್ಪು ಬರೆದವನು ನಾನು. ನಿನಗೆ ಇಂಗ್ಲಿಷಿನಲ್ಲಿ ಪತ್ರ ಹಾಕುವ ಮೊದಲು ಇದನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದೇನೆ — ಇಂಗ್ಲಿಷಿನಲ್ಲಿ ನೆಪ ಹೇಳುವುದು ನನಗೆ ಬಹಳ ಸಲೀಸು, ಬ್ಯಾಂಕಿನಲ್ಲಿ ಜೀವಮಾನವೆಲ್ಲ ಅದೇ ಅಭ್ಯಾಸ.

ಅರವತ್ತರ ದಶಕದ ಕೊನೆಯಲ್ಲಿ ಮೈಸೂರಿನಿಂದ ಎರ್ನಾಕುಲಕ್ಕೆ ವರ್ಗವಾದಾಗ ನನ್ನ ಜೊತೆ ಬಂದದ್ದು ಹೆಂಡತಿ ಶಾರದೆ, ಒಂದು ಹಾರ್ಮೋನಿಯಂ, ಮತ್ತು ಸಂಗೀತ ಗೊತ್ತು ಎಂಬ ಜಂಬ. ಶನಿವಾರ ಮಧ್ಯಾಹ್ನ ದೋಣಿ ಹತ್ತಿ ಮಟ್ಟಾಂಚೇರಿಯಲ್ಲಿ ಇಳಿದರೆ ನಿಮ್ಮ ಮನೆ. ಹೋಟೆಲಿನಲ್ಲಿ ಪಿಯಾನೋ ನುಡಿಸುತ್ತಿದ್ದ ನಿನ್ನ ತಂದೆ, ನಾನು ಅಣ್ಣನೆಂದು ಕರೆಯುತ್ತಿದ್ದ ಆಲ್ಬರ್ಟ್ ಚೇಟ್ಟನ್, ನನಗೆ ಜಾಝ್ ಕಲಿಸುತ್ತಿದ್ದರು. ನಿನ್ನ ಅಮ್ಮ ಕೊಡುತ್ತಿದ್ದ ಬಿಸಿ ಅಪ್ಪಂ, ಹಾಲಿಲ್ಲದ ಚಹಾ — ಅಷ್ಟು ಸುಖದ ಶನಿವಾರಗಳು ಮತ್ತೆ ಸಿಗಲಿಲ್ಲ.

ನಮ್ಮ ಸಂಗೀತದಲ್ಲಿ ಷಡ್ಜ ಕದಲುವುದಿಲ್ಲ. ಅವರದರಲ್ಲಿ ನೆಲವೇ ನಡೆಯುತ್ತದೆ. ಮೂರು ನಾಲ್ಕು ಸ್ವರ ಒಟ್ಟಿಗೆ ಒತ್ತಿದರೆ ಒಂದು ಕಾರ್ಡ್. ಒಂದರ ಹಿಂದೆ ಇನ್ನೊಂದು ಬರುವ ನಡಿಗೆಯಲ್ಲೇ ರುಚಿಯೆಲ್ಲ. ಎರಡನೆಯ ಸ್ವರದ ಕಾರ್ಡ್, ಐದನೆಯದರದು, ಮತ್ತೆ ಮೊದಲನೆಯದರದು — ಪೇಟೆಗೆ ಹೋಗಿ ಮನೆಗೆ ಬಂದಂತೆ. ಮೊದಮೊದಲು ತಲೆ ತಿರುಗಿತು, ಆಮೇಲೆ ಹುಚ್ಚು ಹಿಡಿಯಿತು.

ತಿರುವನಂತಪುರದ ಒಂದು ಕ್ಲಬ್ಬಿನಲ್ಲಿ ನುಡಿಸಲು ಅವರು ಸ್ವಂತದ್ದೊಂದು ಹಾಡು ಕಟ್ಟಿದರು. ಆಗಲೇ ಕಣ್ಣಿಗೆ ಪೊರೆ ಬರುತ್ತಿತ್ತು. "ಸಾರೇ, ನಿಮ್ಮ ಅಕ್ಷರ ಮುತ್ತಿನ ಹಾಗಿದೆ. ಗಿಟಾರಿನವನಿಗೊಂದು, ಸ್ಯಾಕ್ಸೊಫೋನಿನವನಿಗೊಂದು ಪ್ರತಿ ಮಾಡಿಕೊಡಿ" ಎಂದರು. ಅವರಿಬ್ಬರೂ ತಿರುವನಂತಪುರದವರು. ಕಾಗದ ನೋಡಿ ನೇರ ವೇದಿಕೆಯಲ್ಲೇ ನುಡಿಸುವವರು.

ಮನೆಯಲ್ಲಿ ಹಾರ್ಮೋನಿಯಂ ಮೇಲೆ ನುಡಿಸಿ ನೋಡಿದೆ. ಚೆಂದವಾಗಿ ಶಂಕರಾಭರಣದ ದಾರಿಯಲ್ಲಿ ಹೋಗುತ್ತಿದ್ದ ಹಾಡು. ಕೊನೆಯ ಸಾಲಿನಲ್ಲಿ ನಾಲ್ಕನೆಯ ಕಾರ್ಡ್ ಒಮ್ಮೆ ಮೇಜರ್, ಮರುಕ್ಷಣ ಮೈನರ್, ಆಮೇಲೆ ಮನೆ. ಅಂದರೆ ನಡುವೆ, ರಾಗದ ಚತುಶ್ರುತಿ ಧೈವತ ಬಿಟ್ಟು, ಶುದ್ಧ ಧೈವತ! ಶಂಕರಾಭರಣಕ್ಕೂ ಅದಕ್ಕೂ ಎತ್ತಣಿಂದೆತ್ತ? ಪಾಪ, ಕಣ್ಣು ಕಾಣದೆ ಕೈ ಜಾರಿದೆ ಎಂದುಕೊಂಡೆ. ಎರಡೂ ಪ್ರತಿಯಲ್ಲಿ ಮೇಜರ್ ಎಂದೇ ಬರೆದೆ. ಅವರನ್ನು ಒಂದು ಮಾತು ಕೇಳಲಿಲ್ಲ — ಉಪಕಾರ ಮಾಡಿದೆನೆಂಬ ಹಿಗ್ಗು ಬೇರೆ. ಗುರುವಿಗೇ ತಿರುಮಂತ್ರ.

ರಜೆ ಹಾಕಿ ನಾನೂ ಜೊತೆಗೆ ಹೋದೆ. ಕೊನೆಯ ಸಾಲು ಬಂತು. ಪಿಯಾನೋ ಒಂದು ಹೇಳಿತು, ಉಳಿದವರು ಇನ್ನೊಂದು. ಎರಡು ಧೈವತಗಳು ಡಿಕ್ಕಿ ಹೊಡೆದವು. ಮುಂದಿನ ಸಾಲಿನಲ್ಲಿ ಕೂತಿದ್ದ ಯಾರೋ ನಕ್ಕರು. ಮರು ಆವೃತ್ತಿಯಲ್ಲಿ ಆಲ್ಬರ್ಟ್ ಚೇಟ್ಟನ್ ತಮ್ಮ ಬೆರಳನ್ನೇ ಸರಿಸಿಕೊಂಡು ಅವರಂತೆ ನುಡಿಸಿದರು. ಮುಗಿದ ಮೇಲೆ ನನ್ನ ಪ್ರತಿಯನ್ನು ಮೂಗಿನ ಹತ್ತಿರ ಹಿಡಿದು ನೋಡಿದರು.

"ನಾನೇ ತಪ್ಪು ಬರೆದಿದ್ದೀನಿ ಸಾರೇ. ಕಣ್ಣಿನ ಜೊತೆ ಕೈಯೂ ಹೋಯ್ತು."

ಅವರು ಬರೆದ ಮೂಲ ನನ್ನ ಜೇಬಿನಲ್ಲೇ ಇತ್ತು. ನಾನು — "ಪರವಾಗಿಲ್ಲ ಚೇಟ್ಟಾ" ಎಂದೆ. ಕ್ಷಮಿಸಿದವನ ಹಾಗೆ!

ಆಮೇಲೆ ಅವರು ಸ್ವಂತ ಹಾಡು ಕಟ್ಟಲಿಲ್ಲ. ಬೇರೆಯವರ ಹಾಡುಗಳನ್ನು ನಗುನಗುತ್ತಲೇ ನುಡಿಸಿದರು, ನನಗೂ ಪಾಠ ನಡೆಯಿತು. ಕೆಲವು ತಿಂಗಳ ನಂತರ ಆ ಮೂಲವನ್ನು ಬರೆದಂತೆಯೇ ನುಡಿಸುತ್ತ ಕೂತಿದ್ದೆ. ಶಾರದೆ ಸೌಟು ಹಿಡಿದೇ ಈಚೆ ಬಂದಳು. "ರೀ, ಇನ್ನೊಂದ್ಸಲ ನುಡಿಸಿ. ಆ ಜಾಗದಲ್ಲಿ ಎದೆ ಹಿಂಡ್ದಂಗಾಗತ್ತೆ."

ಒಂದೇ ಬೆರಳು ಅರ್ಧ ಹೆಜ್ಜೆ ಇಳಿಯುತ್ತದೆ, ಅಷ್ಟೆ. ಚತುಶ್ರುತಿ ಧೈವತ, ಶುದ್ಧ ಧೈವತ, ಪಂಚಮ — ಹೊಸ್ತಿಲು ದಾಟುವ ಮುನ್ನ ಒಮ್ಮೆ ಹಿಂತಿರುಗಿ ನೋಡಿದಂತೆ. ಅದು ತಪ್ಪಲ್ಲ, ಹಾಡಿನ ಜೀವವೇ ಅದು ಎಂದು ಅಂದು ತಿಳಿಯಿತು. ಮರುಶನಿವಾರವೇ ಹೇಳಬಹುದಿತ್ತು. ಹೇಳಿದರೆ ಆ ಮನೆ, ಆ ಪಾಠ, ಆ ಅಪ್ಪಂ ಎಲ್ಲ ತಪ್ಪಿಹೋದಾವು ಎಂಬ ಅಂಜಿಕೆ, ಆಸೆಬುರುಕತನ. ಹೇಳಲಿಲ್ಲ, ಹೇಳದೆಯೇ ಸುಖವಾಗಿದ್ದೆ. ಅವರು ತಮ್ಮ ಕೈಯನ್ನೇ ಅನುಮಾನಿಸುತ್ತ ಹೋಗಿಬಿಟ್ಟರು.

ಈಗ ನಿನ್ನ ಪತ್ರ ಬಂದಿದೆ. ನಿನ್ನ ಮಗಳು ಅಜ್ಜನ ಹಾಡು ನುಡಿಸಬೇಕಂತೆ. 'ಪಪ್ಪಾ ತಪ್ಪು ಬರೆದಿದ್ದರಲ್ಲ, ಆ ಜಾಗ ನೀವೇ ಸರಿಮಾಡಿ ಕಳಿಸಿ ಅಂಕಲ್' ಎಂದಿದ್ದೀಯೆ.

ಬೆಳಿಗ್ಗೆ ಆ ಮೂಲವನ್ನು ಕೊನೆಯ ಸಲ ನೋಡಿಕೊಂಡು ನುಡಿಸಿದೆ. ಶಾರದೆ ಒಳಗಿಂದಲೇ ಗುನುಗಿದಳು. ನಿನಗೆ ಹಾಕುವ ಪತ್ರದ ಜೊತೆ ನಿನ್ನ ತಂದೆಯ ಕೈಬರಹದ ಕಾಗದವನ್ನೇ ಇಡುತ್ತಿದ್ದೇನೆ. ಈ ಸಲ ಪ್ರತಿ ಮಾಡಿಲ್ಲ.