ಕೂಡಲೇ ಏರಿ

ಊರಿಗೆಲ್ಲ ಎಚ್ಚರಿಕೆ ಕೊಡುವ ಕಚೇರಿಯವನೇ ಮೈಮರೆತರೆ ಏನಾಗುತ್ತದೆ ಎಂಬುದು ಕರಡಿಗೆ ಕ್ಷೌರದಂಗಡಿಯಲ್ಲಿ ತಿಳಿಯಿತು. ಅಂದು ಬೆಳಿಗ್ಗೆ ಎಲ್ಲರ ಮೊಬೈಲಿಗೂ ಪರೀಕ್ಷೆಗೆಂದು ಒಂದು ತುರ್ತು ಸಂದೇಶ ಹೋಗುವುದಿತ್ತು. ಹೊತ್ತು ಗೊತ್ತುಮಾಡಿದವನೂ ಅವನೇ, ಮರೆತವನೂ ಅವನೇ. ಬಿಳಿ ಬಟ್ಟೆ ಹೊದ್ದು, ಕಣ್ಣು ಮುಚ್ಚಿ, ಮೀಸೆಯ ಅಂಚನ್ನು ಕ್ಷೌರಿಕನಿಗೆ ಒಪ್ಪಿಸಿ ಕೂತಿದ್ದಾಗ ಜೇಬಿನ ಫೋನು ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ ಚೀರಿತು. ಕರಡಿ ಹೌಹಾರಿ ಕುರ್ಚಿಯಿಂದ ಎದ್ದ. ಕತ್ತಿ ಮಾತ್ರ ಇದ್ದಲ್ಲೇ ಇತ್ತು. ಮೀಸೆಯ ಎಡಪಾಲು ಬಟ್ಟೆಯ ಮೇಲೆ ಬಿತ್ತು.

"ಏನ್ ಸಾರ್ ಅದು, ಹಂಗೆ ಕಿರುಚ್ಕೊಂಡಿದ್ದು?"

"ಜನರ ಜೀವ ಉಳಿಸೋ ವ್ಯವಸ್ಥೆ ಕಣಯ್ಯ."

"ಮೀಸೆ ಅದರ ವ್ಯಾಪ್ತಿಗೆ ಬರಲ್ಲ ಅನ್ನಿ," ಎಂದು ಕ್ಷೌರಿಕ ಬಲಪಾಲನ್ನೂ ತೆಗೆದು ಸರಿಸಮ ಮಾಡಿದ.

ಕರಡಿ ಎಂದರೆ ಕಾಡಿನದಲ್ಲ. ವಿಪತ್ತು ನಿರ್ವಹಣೆ ಕಚೇರಿಯ ಪ್ರಕಟಣೆಗಳಿಗೆಲ್ಲ ಮೊದಲ ಕರಡು ಬರೆಯುವವನು. ಕರಡು ಬರೆದೂ ಬರೆದೂ ಸಹೋದ್ಯೋಗಿಗಳ ಬಾಯಲ್ಲಿ ಕರಡಿಯಾದವನು. ನಡುವಯಸ್ಸು, ನಡುಗುವ ಸ್ವಭಾವ. ದೊಡ್ಡವರು ಸೀನಿದರೆ ಇವನಿಗೆ ನೆಗಡಿ. ಬೋಳು ಮುಖ ಹೊತ್ತು ಕಚೇರಿಗೆ ಬಂದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು, ಕಹಳೆ ಮೇಡಂ ಒಬ್ಬರನ್ನು ಬಿಟ್ಟು.

"ಫೋನು ನಿನ್ನ ಜೇಬಲ್ಲಿತ್ತು, ಅದಕ್ಕೆ ಹೌಹಾರಿದೆ," ಎಂದರು ಅವರು. "ಜೇಬಲ್ಲಿ ಇಟ್ಕೊಳ್ಳದವರು ಏನ್ಮಾಡಬೇಕು? ಅದನ್ನ ಹೇಳು."

ಕಹಳೆ ಮೇಡಂ ಯೋಜನಾ ವಿಭಾಗದ ಮುಖ್ಯಸ್ಥೆ. ಸಾಲದ್ದಕ್ಕೆ ಕರಡಿಯ ಹೆಂಡತಿಯ ಅಕ್ಕ. ಹಾಗಾಗಿ ಅವನು ಬೈಗುಳ ತಪ್ಪಿಸಿಕೊಳ್ಳುವ ಜಾಗ ಭೂಮಿಯ ಮೇಲೆ ಉಳಿದಿರಲಿಲ್ಲ. ಕಚೇರಿಯಲ್ಲಿ ಮೇಡಂ, ಮನೆಯಲ್ಲಿ ಅಕ್ಕ, ದನಿ ಒಂದೇ. ಹುಟ್ಟಿದಾಗ ಆಕೆ ಅತ್ತದ್ದು ಆಸ್ಪತ್ರೆಯ ಗೇಟು ಕಾಯುವವನಿಗೂ ಕೇಳಿಸಿತ್ತಂತೆ. ತಂದೆ ರೇಡಿಯೊ ರಿಪೇರಿಯವರು, ವಾಸ ಕೆರೆಯ ಕೆಳಗಿನ ತಗ್ಗಿನ ಬೀದಿಯಲ್ಲಿ. ಆಕೆ ಲಂಗ ಹಾಕುತ್ತಿದ್ದ ಕಾಲದಲ್ಲಿ ಕೆರೆ ಒಡೆದು ಬೀದಿಗೆ ನೀರು ನುಗ್ಗಿತ್ತು. ರೇಡಿಯೊದಲ್ಲಿ ಮೊದಲೇ ಹೇಳಿದ್ದರಂತೆ. ಏನು ಪ್ರಯೋಜನ? ಬೀದಿಯ ಅರ್ಧ ರೇಡಿಯೊಗಳು ಅಪ್ಪನ ಅಂಗಡಿಯಲ್ಲಿ ಹೊಟ್ಟೆ ಬಿಚ್ಚಿಕೊಂಡು ಮಲಗಿದ್ದವು. ಅಂದಿನಿಂದ ಆಕೆ ಯಾವ ಒಂಟಿ ಬಾಯನ್ನೂ ನಂಬಿದವಳಲ್ಲ. ಎಂಜಿನಿಯರಿಂಗ್ ಓದಿ, ಟೆಲಿಫೋನ್ ಇಲಾಖೆಯಲ್ಲಿ ದುಡಿದು ಇಲ್ಲಿಗೆ ಬಂದ ಮೇಲೂ ಮನೆ ಅದೇ ಬೀದಿಯಲ್ಲಿ, ಗಂಡನ ತಾಯಿಯ ಜೊತೆ. ಮುದುಕಿಗೆ ಕಿವಿ ಮಂದ. ಫೋನು ಕೊಡಿಸಿದ್ದರು, ಸುಮ್ಮನೆ ಯಾಕೆ ಸವೆಸುವುದು ಎಂದು ಅದನ್ನು ಆರಿಸಿ ಕಪಾಟಿನಲ್ಲಿಡುವುದು ಮುದುಕಿಯ ಪದ್ಧತಿ.

ಕಚೇರಿಯ ಮುಖ್ಯಾಧಿಕಾರಿಯಾಗಿ ಹೊಸದಾಗಿ ಬಂದ ದೊಡ್ಡವರಿಗೆ ಈ ಮುದುಕಿಯ ಪರಿಚಯವಿರಲಿಲ್ಲ. ಬಂದ ವಾರದಲ್ಲೇ ಯೋಜನೆಯ ಕರಡು ತರಿಸಿ ಕೆಂಪು ಪೆನ್ನು ಹಿಡಿದರು.

"ಸೈರನ್, ರೇಡಿಯೊ, ಮೈಕಿನ ವ್ಯಾನು... ಏನ್ರೀ ಇದು, ಸಂತೇನಾ? ಎಲ್ಲರ ಕೈಲೂ ಫೋನಿದೆ. ಒಂದು ಗುಂಡಿ ಒತ್ತಿದ್ರೆ ಮುಗೀತು. ಉಳಿದದ್ದೆಲ್ಲ ತೆಗೀರಿ. ಮೇಡಂ, ಸಹಿ ಹಾಕಿ."

"ಹಾಕಲ್ಲ ಸಾರ್."

"ಪ್ರಪಂಚ ಎಲ್ಲಿಗೋ ಹೋಗಿದೆ ಮೇಡಂ!"

"ನಮ್ಮತ್ತೆ ಮನೇಲೇ ಇದ್ದಾರೆ ಸಾರ್."

ಯೋಜನಾ ಮುಖ್ಯಸ್ಥೆಯ ಸಹಿಯಿಲ್ಲದೆ ಕಾಗದ ಮೇಲಕ್ಕೆ ಹೋಗುವಂತಿರಲಿಲ್ಲ. ಹಗ್ಗಜಗ್ಗಾಟ ನಡೆದು ಕೊನೆಗೆ ಒಂದು ಒಪ್ಪಂದವಾಯಿತು: ತಗ್ಗಿನ ಬೀದಿಯಲ್ಲಿ ಒಂದು ತಾಲೀಮು. ದೊಡ್ಡವರ ಫೋನೂ ಕೂಗಲಿ, ಮೇಡಂ ಕಡೆಯ ಸೈರನ್ನೂ ಕೂಗಲಿ, ನೋಡೇಬಿಡೋಣ.

ಸಂದೇಶ ಬರೆಯುವ ಭಾರ ಕರಡಿಯದು. "ಕೆರೆಯ ನೀರು ಬರುತ್ತಿದೆ, ಕೂಡಲೇ ದಿಬ್ಬದ ಶಾಲೆಗೆ ಹೋಗಿ" ಎಂದು ಬರೆದುಕೊಂಡು ಹೋದ. ದೊಡ್ಡವರು ಮುಖ ಹಿಂಡಿದರು. ಎಲ್ಲ ಊರಿಗೂ ಒಂದೇ ಸಂದೇಶ ಇರಬೇಕು, ಎಲ್ಲ ಊರಲ್ಲೂ ದಿಬ್ಬ ಇರುತ್ತದೆಯೇ? ಶಾಲೆ ಹೋಯಿತು, ದಿಬ್ಬ ಹೋಯಿತು, ಕೆರೆಯೂ ಹೋಯಿತು. ಮೂಳೆ ಉಳಿಯಿತು: "ಇದು ತಾಲೀಮು. ನೀರು ಬರುತ್ತಿದೆ. ಕೂಡಲೇ ಏರಿ."

ಕಹಳೆ ಮೇಡಂ ಓದಿ ಹುಬ್ಬೇರಿಸಿದರು. "ಯಾವ ಏರಿ?"

"ಹತ್ತಿ ಅಂತ ಅಕ್ಕಾ... ಮೇಡಂ."

"ನಮ್ಮ ಬೀದಿಗೆ ಇರೋದು ಒಂದೇ ಏರಿ. ಕೆರೆ ಏರಿ."

"ಏರಿ ಅಂದ್ರೆ ಏರಿ!" ದೊಡ್ಡವರು ಮೇಜು ಕುಟ್ಟಿದರು. "ಸಣ್ಣ ಮಕ್ಕಳಿಗೂ ಅರ್ಥ ಆಗುತ್ತೆ."

ಅರ್ಥವೇನೋ ಆಯಿತು. ತಾಲೀಮಿನ ದಿನ ಜನ ಶಿಸ್ತಾಗಿ ದಿಬ್ಬದತ್ತ ಹೋಗುವುದನ್ನು ಕಣ್ತುಂಬ ನೋಡಲೆಂದು ದೊಡ್ಡವರು ಕರಡಿಯನ್ನು ಕರೆದುಕೊಂಡು ಕೆರೆಯ ಏರಿಯ ಮೇಲೇ ನಿಂತಿದ್ದರು. ಕೆಳಗೆ ಫೋನುಗಳು ಒಟ್ಟಿಗೆ ಚೀರಿಕೊಂಡವು. ಬಾಗಿಲುಗಳು ತೆರೆದವು. ಜನ ಹೊರಬಂದರು. ದಿಬ್ಬದ ಕಡೆ ಒಬ್ಬನೂ ತಿರುಗಲಿಲ್ಲ. ಕೂಸನ್ನು ಕಂಕುಳಲ್ಲಿಟ್ಟುಕೊಂಡವರು, ಹಿಟ್ಟಿನ ಕೈಯವರು, ಅರ್ಧ ಇಸ್ತ್ರಿಯ ಅಂಗಿಯವರು, ಎಲ್ಲರೂ ನೆಟ್ಟಗೆ ಏರಿಯ ಮೇಲಕ್ಕೇ ಬಂದರು.

"ಇಲ್ಲಿಗ್ಯಾಕ್ರೀ ಬಂದ್ರಿ?" ದೊಡ್ಡವರು ಅರಚಿದರು. "ಒಡೆಯೋದೇ ಇದು!"

"ನೀವೇ ಕಳಿಸಿದ್ರಲ್ಲ ಸಾರ್, ಕೂಡಲೇ ಏರಿ ಅಂತ," ಎಂದ ಬೀಗ ರಿಪೇರಿಯವನು ಫೋನು ತೋರಿಸುತ್ತ. "ಇದು ಏರಿ ಅಲ್ವಾ?"

ಗುಂಪಿನ ಹಿಂದಿನಿಂದ ಮೇಡಂ ಅವರ ಅತ್ತೆಯೂ ಏದುಸಿರು ಬಿಡುತ್ತ ಬಂದರು. ಅವರ ಫೋನು ಎಂದಿನಂತೆ ಕಪಾಟಿನಲ್ಲಿತ್ತು. "ಎಲ್ರೂ ಓಡ್ತಿದ್ರಪ್ಪ, ನಾನೂ ಬಂದೆ. ಏನ್ ಕೊಡ್ತಾರೆ ಇಲ್ಲಿ?"

ಅಷ್ಟರಲ್ಲಿ ಬೀದಿಯ ಪಕ್ಕದ ಗಿರಣಿಯ ಮಹಡಿಯಿಂದ ಮೇಡಂ ಅವರ ಸೈರನ್ ಕೂಗಿತು. ಅದು ಪಾಳಿ ಮುಗಿದಾಗ ಕೂಗುವ ಸೈರನ್ನೇ. ಇವತ್ತು ಬೇಗ ಬಿಟ್ಟರು ಎಂದು ಕೆಲಸಗಾರರು ಕುಣಿಯುತ್ತ ಸೈಕಲ್ ಹತ್ತಿ ನೇರವಾಗಿ ತಗ್ಗಿನ ಬೀದಿಗೆ ಇಳಿದರು. ದೊಡ್ಡವರ ಮುಖಕ್ಕೆ ಕಳೆ ಬಂತು. ಮೇಡಂ ಏರಿ ಹತ್ತಿ ಬರುವುದನ್ನೇ ಕಾದಿದ್ದು, "ನಿಮ್ಮ ಸೈರನ್ನು ಜನರನ್ನ ನೀರಿನ ಬಾಯಿಗೇ ಕಳಿಸ್ತಲ್ಲ ಮೇಡಂ!" ಎಂದರು.

"ಹೌದು ಸಾರ್, ಮಣ್ಣು ಮುಕ್ಕಿತು," ಎಂದರು ಕಹಳೆ, ದನಿ ಒಂದಿಷ್ಟೂ ತಗ್ಗಿಸದೆ. "ನಿಮ್ಮ ಫೋನೂ ಮುಕ್ಕಿತು. ಅದಕ್ಕೇ ಯಾರನ್ನೂ ಒಂಟಿಯಾಗಿ ಕಳಿಸಬೇಡಿ ಅನ್ನೋದು. ಸೈರನ್ನಿಗೆ ಬೇರೆ ಕೂಗು ಕೊಡೋಣ, ಕೂಗಿದ ಮೇಲೆ ಬಾಯಿಬಿಟ್ಟು ಜಾಗದ ಹೆಸರು ಹೇಳಲಿ. ಫೋನೂ ಅದನ್ನೇ ಹೇಳಲಿ, ರೇಡಿಯೊನೂ ಅದನ್ನೇ ಹೇಳಲಿ. ಯಾವುದೂ ತಲುಪದವರ ಬಾಗಿಲಿಗೆ ವ್ಯಾನು ಹೋಗಲಿ."

ಮರುದಿನ ದೊಡ್ಡವರು ಇಬ್ಬರನ್ನೂ ಕೋಣೆಗೆ ಕರೆಸಿದರು. "ಸಂದೇಶ ತಿದ್ದಿಸ್ತೀನಿ. ಊರೂರಿಗೂ ಬೇರೆ ಬೇರೆ ಬರೆಸ್ತೀನಿ. ಅಷ್ಟೇ. ಉಳಿದದ್ದು ಆಗಲ್ಲ."

ಮೇಡಂ ಪೆನ್ನಿನ ಮುಚ್ಚಳ ಹಾಕಿದರು.

ದೊಡ್ಡವರು ಕರಡಿಯತ್ತ ತಿರುಗಿದರು. "ಇವರ ಹಠ ಕಟ್ಟಿಕೊಂಡು ಪ್ರಯೋಜನ ಇಲ್ಲ. ಇವರ ಪರವಾಗಿ ನೀನೇ ಸಹಿ ಹಾಕು. ನಿಯಮದಲ್ಲಿ ಅವಕಾಶ ಇದೆ."

ಕರಡಿ ಇಬ್ಬರನ್ನೂ ನೋಡಿದ. ಎಡಕ್ಕೆ ನೋಡಿದರೆ ನೌಕರಿ, ಬಲಕ್ಕೆ ನೋಡಿದರೆ ಹೆಂಡತಿಯ ಅಕ್ಕ. ಆದರೆ ಅವನ ಕಣ್ಣಿಗೆ ಕಟ್ಟಿದ್ದು ಇವೆರಡೂ ಅಲ್ಲ. ತಾನು ಬರೆದ ಎರಡಕ್ಷರ ನಂಬಿ, ಕೂಸು ಎತ್ತಿಕೊಂಡು, ಒಡೆಯುವ ಜಾಗಕ್ಕೇ ಹತ್ತಿ ಬಂದ ಆ ಜನ. "ಹಾಕಲ್ಲ ಸಾರ್," ಎಂದ. ಇಷ್ಟು ಗಟ್ಟಿಯಾಗಿ ಮಾತಾಡಿದ್ದು ಯಾರು ಎಂದು ಅವನೇ ಒಮ್ಮೆ ಹಿಂದೆ ತಿರುಗಿ ನೋಡಿದ.

ಸಹಿ ಹಾಕಬಲ್ಲವರು ಇನ್ನು ಯಾರೂ ಉಳಿದಿರಲಿಲ್ಲ. ದೊಡ್ಡವರು ಕೆಂಪು ಪೆನ್ನನ್ನು ಬದಿಗಿಟ್ಟು, ನೀಲಿ ಪೆನ್ನಲ್ಲಿ ಸೈರನ್, ರೇಡಿಯೊ, ವ್ಯಾನು ಎಲ್ಲವನ್ನೂ ತಮ್ಮ ಕೈಯಾರೆ ಮತ್ತೆ ಬರೆದರು. ಮೇಡಂ ಒಂದೊಂದನ್ನೂ ಓದಿ ನೋಡಿ, ಮುಚ್ಚಳ ತೆಗೆದು ಸಹಿ ಹಾಕಿದರು.

"ನಿಮ್ಮ ಯೋಜನೆ ಉಳೀತು ಮೇಡಂ," ಎಂದರು ದೊಡ್ಡವರು ಕಾಗದ ಎಳೆದುಕೊಳ್ಳುತ್ತ. "ಆದ್ರೆ ನೀವು ಈ ವಿಭಾಗದಲ್ಲಿ ಉಳಿಯೋದಿಲ್ಲ. ನಾಳೆಯಿಂದ ನೆಲಮಾಳಿಗೆಯ ಹಳೇ ದಾಖಲೆ ಕೋಣೆ. ಏನಾದ್ರೂ ಹೇಳೋದಿದೆಯಾ?"

"ಅಲ್ಲಿ ಫೋನಿಗೆ ಸಿಗ್ನಲ್ ಸಿಗಲ್ಲ ಸಾರ್," ಎಂದರು ಕಹಳೆ ಮೇಡಂ. "ಒಂದು ಗಂಟೆ ಕಟ್ಟಿಸಿಕೊಡಿ."