ತಿಫೇನ್ ಎಂಬ ಹೆಸರು

ಪ್ಯಾರಿಸ್ಸಿನ ಹುಲ್ಲುಬೀದಿಯಲ್ಲಿ ಎದಲೀನಳನ್ನು ಅರಿಯದ ವಿದ್ಯಾರ್ಥಿಯಿರಲಿಲ್ಲ. ಗುರುಗಳ ಪಾಠಕ್ಕೆ ಅವರು ನೆಲಕ್ಕೆ ಹಾಸಿಕೊಂಡು ಕೂರುವ ಹುಲ್ಲನ್ನು ಮಾರುತ್ತಿದ್ದವಳು ಅವಳೇ. ಕಂಕುಳಲ್ಲಿ ಹುಲ್ಲಿನ ಕಟ್ಟು, ಹಿಂದೆ ಲಂಗದ ಅಂಚು ಹಿಡಿದ ನಾಲ್ಕು ವರ್ಷದ ಮಗಳು ತಿಫೇನ್. ಆ ಚಳಿಗಾಲ ಜ್ವರ ಬಂದು ಮೂರೇ ದಿನಕ್ಕೆ ತಿಫೇನ್ ಹೋದಳು. ಈಸ್ಟರಿನ ಹೊತ್ತಿಗೆ ಇನ್ನೊಂದು ಹೆಣ್ಣು ಹುಟ್ಟಿತು.

ಹುಟ್ಟಿದ ದಿನವೇ ಜ್ಞಾನಸ್ನಾನವಾಗಿ ಹೆಸರು ಬೀಳಬೇಕು. ಬಾಣಂತಿ ಚರ್ಚಿನ ಹೊಸಿಲು ತುಳಿಯುವಂತಿಲ್ಲ. ಗಂಡನ ಅಕ್ಕ ಪೆರೊನೆಲ್ ಮಗುವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿದಳು.

“ತಿಫೇನ್ ಅಂತಾನೇ ಇಡಿಸ್ತೀನಿ ಕಣೇ. ನಮ್ಮಮ್ಮನ ಹೆಸರು, ಮಣ್ಣುಪಾಲಾಗಬಾರದು.”

“ಬೇಡ ಅತ್ತಿಗೆ. ಅದು ಅವಳದ್ದು.”

“ಎಲ್ರ ಮನೇಲೂ ಮಾಡೋದೇ ಹೀಗೆ. ನಾನೇ ಎರಡನೇ ಪೆರೊನೆಲ್, ಮೊದಲನೆಯವಳು ತೊಟ್ಟಿಲಲ್ಲೇ ಹೋದಳು. ಗುಂಡುಕಲ್ಲಿನ ಹಾಗಿಲ್ವಾ?” ಎನ್ನುತ್ತ ಹೊರಟೇಬಿಟ್ಟಳು.

ಎದಲೀನಳಿಗೆ ಮನಸ್ಸು ತಡೆಯಲಿಲ್ಲ. ಮಹಡಿಯಲ್ಲಿ ಬಾಡಿಗೆಗಿದ್ದ ವಿದ್ಯಾರ್ಥಿ ಗೊದೆಫ್ರ್ವಾ ಮರುದಿನದ ವಾದಸಭೆಗೆಂದು ವಾರದಿಂದ ತನ್ನ ವಾದವನ್ನು ಗಟ್ಟಿ ಮಾಡುತ್ತಿದ್ದ. ಅವನನ್ನೇ ಕೂಗಿದಳು.

“ಪಂಡಿತರೇ, ಸತ್ತೋರ ಹೆಸರು ಯಾರಿಗೆ ಸೇರುತ್ತೆ?”

ಅವನು ಬಟಾಣಿ ಗಂಜಿಯ ಬಟ್ಟಲು ಹಿಡಿದೇ ಬಾಗಿಲಿಗೆ ಬಂದ. “ಅಯ್ಯೋ ಎದಲೀನಮ್ಮ, ನಾಳೆಯ ಪ್ರಶ್ನೇನೇ ಅದು! ನಮ್ಮ ಗುರುಗಳು ಹೇಳೋದು, ಹೆಸರು ಅಂದ್ರೆ ಇರೋ ವಸ್ತುವಿಗೆ ಹಾಕಿದ ಗಂಟು. ವಸ್ತು ಹೋಯ್ತೋ, ಗಂಟು ಬಿಚ್ಚಿತು. ಇನ್ನೊಂದಕ್ಕೆ ಕಟ್ಕೋಬಹುದು. ಎದುರಿನವರು ಒಪ್ಪಲ್ಲ. ಹೆಸರು ಹೇಳೋದು ‘ಏನು’ ಅನ್ನೋದನ್ನ, ‘ಇದೆ, ಇಲ್ಲ’ ಅನ್ನೋದು ಕ್ರಿಯಾಪದದ ಪಾಡು, ವಸ್ತು ಹೋದ್ರೂ ಗಂಟು ಬಿಚ್ಚೋದೇ ಇಲ್ಲ ಅಂತಾರೆ.”

“ನಾಳೆ ಯಾರು ಗೆಲ್ತಾರೆ?”

“ನಾವೇ!” ಎಂದವನು ಅವಳ ಮುಖ ನೋಡಿದ. ಬಟ್ಟಲು ಕೆಳಗಿಟ್ಟ. “ಸೋತರೂ ಸೋಲಬಹುದು...”

ಹೆಸರನ್ನೂ ಕಿತ್ತುಕೊಂಡರೆ ಆ ಮಣ್ಣಿನಡಿ ಮಲಗಿದ ಕೂಸಿಗೆ ಇನ್ನೇನು ಉಳಿಯಿತು? ನಾನು ಕರೆದರೆ ಅದಕ್ಕೆ ತಿಳಿಯುವುದಾದರೂ ಹೇಗೆ?

ಪೆರೊನೆಲ್ ಮರಳಿದಳು. ಮಗುವಿನ ನೆತ್ತಿ ಇನ್ನೂ ಒದ್ದೆ. “ತಗೋ ನಿನ್ನ ತಿಫೇನ್.”

ಎದಲೀನ್ ಮಗುವನ್ನು ಅವಚಿಕೊಂಡು ಹಾಲು ಕೊಟ್ಟಳು. ಹೆಸರೆತ್ತಲಿಲ್ಲ. ಮುಂದೆಯೂ ಅಷ್ಟೇ, ಬೀದಿಗೆಲ್ಲ ತಿಫೇನ್ ಆದವಳು ತಾಯಿಗೆ ಬರೀ ‘ಮರಿ’.

ಮರಿಗೆ ಏಳಾಗಿತ್ತು. ಒಂದು ಮಧ್ಯಾಹ್ನ ಹುಲ್ಲಿನ ಕೊಟ್ಟಿಗೆಯೊಳಗಿಂದ ಅಮ್ಮನ ದನಿ ಮೆಲ್ಲಗೆ ಕೇಳಿಸಿತು: “ತಿಫೇನ್, ಬಾರೇ.” ಹುಟ್ಟಿದಾಗಿನಿಂದ ಮೊದಲ ಸಲ! ಎದ್ದೆನೋ ಬಿದ್ದೆನೋ ಎಂದು ಓಡಿ ಬಂದಳು.

“ಬಂದೆ ಅಮ್ಮಾ!”

ಎದಲೀನ್ ಬೆಚ್ಚಿ ತಿರುಗಿದಳು. ಬಂದವಳನ್ನು ಕಂಡು ಮುಖ ಇಳಿದುಹೋದದ್ದನ್ನು ತಡೆಯಲಾಗಲಿಲ್ಲ.

“ಕರೆದದ್ದು ನನ್ನನ್ನಲ್ವಾ?”

“ನಿನ್ನನ್ನೇ ಕಣೇ,” ಎಂದಳು ಎದಲೀನ್, “ನಿನ್ನನ್ನೇ, ಮರೀ.”