ಮೂರು ಕಾಂಟಾ, ಒಂದು ಡ್ರೈವರ್

ಸುರಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಮೌನೇಶ್ವರಿಯ ಅಂಗಡಿ. ‘ಎಲ್ಲಾ ಕಂಪನಿಯ ತೂಕದ ಯಂತ್ರ ರಿಪೇರಿ’ ಎಂದು ಬೋರ್ಡಿದೆ. ಒಳಗೆ ಹೋದವರಿಗೆ ಕೂರಲು ಜಾಗವಿಲ್ಲ. ಇರುವ ಒಂದು ಸ್ಟೂಲಿನ ಮೇಲೂ ಯಾರದೋ ಕಿರಾಣಿ ಅಂಗಡಿಯ ತಕ್ಕಡಿ ಕೂತಿರುತ್ತದೆ. ಮೂವತ್ತೆಂಟರ ಈ ಹೆಣ್ಣುಮಗಳು ಕೃಷ್ಣೆಯ ದಂಡೆಯ ಮೀನುಗಾರರ ಮನೆಯವಳು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಮೊದಲು ತರಕಾರಿಯವರ ತಕ್ಕಡಿಗೆ ಕೈ ಹಾಕಿದಳು, ಆಮೇಲೆ ಹತ್ತಿ ಮಿಲ್ಲುಗಳಲ್ಲಿ ಲಾರಿಯನ್ನೇ ತೂಗುವ ಕಾಂಟಾಗಳಿಗೆ. ಈಗ ಯಾದಗಿರಿಯಿಂದ ಹುಣಸಗಿಯವರೆಗೆ ಯಾವ ಮಿಲ್ಲಿನ ಕಾಂಟಾ ಮುನಿಸಿಕೊಂಡರೂ ಫೋನು ಬರುವುದು ಇವಳಿಗೇ.

ಇದು ಊರಿಗೆ ಗೊತ್ತಿರುವ ಕೆಲಸ. ಗೊತ್ತಿಲ್ಲದ ಇನ್ನೊಂದು ಕೆಲಸವನ್ನು ಅವಳು ದಿನಾ ಅಂಗಡಿ ತೆರೆಯುವ ಮುಂಚೆ ಎರಡು ತಾಸು ಮಾಡುತ್ತಾಳೆ. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿಗೆ ಡ್ರೈವರ್ ಬರೆಯುತ್ತಾಳೆ. ತಾಯಿ ಹಣಮಂತಮ್ಮ ಇದನ್ನು ಹೆಮ್ಮೆಯಿಂದ ಓಣಿಯವರಿಗೆ ಹೇಳಿಕೊಂಡು, ಪಾಪ, ಪೇಚಿಗೆ ಸಿಕ್ಕಳು. ಮಗಳು ಲೈಸೆನ್ಸಿನ ಅರ್ಜಿ ತುಂಬಿಕೊಡುತ್ತಾಳೆಂದು ತಿಳಿದು ಟಂಟಂ ಆಟೋ ಓಡಿಸುವವರು ನಾಲ್ಕು ಜನ ಬಾಗಿಲಿಗೆ ಬಂದು ನಿಂತಿದ್ದರು.

ವಿಷಯ ಅಷ್ಟೇನೂ ಕಷ್ಟದ್ದಲ್ಲ. ಪ್ರತಿ ಕಾಂಟಾದ ಕೋಣೆಯಲ್ಲಿ ಒಂದು ಕಂಪ್ಯೂಟರ್ ಇರುತ್ತದೆ. ಅದರೊಳಗೆ ಒಂದು ಕಾರ್ಡು. ಲಾರಿ ಬಂದು ನಿಂತಾಗ ಕೆಳಗಿನ ಸೆನ್ಸರುಗಳ ಮೇಲೆ ಬಿದ್ದ ಭಾರವನ್ನು ಓದುವುದು ಆ ಕಾರ್ಡು. ಅದು ಓದಿದ್ದನ್ನು ಕಂಪ್ಯೂಟರಿಗೆ ತಿಳಿಯುವ ಹಾಗೆ ಮುಟ್ಟಿಸುವ ಪ್ರೋಗ್ರಾಮೇ ಡ್ರೈವರ್. ಅದು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನೆಲ್ಲಿನಲ್ಲಿ ಇರುತ್ತದೆ. ನಮ್ಮ ಕಡೆಯ ಮಿಲ್ಲುಗಳಲ್ಲಿ ಮೂರು ಕಂಪನಿಯ ಕಾರ್ಡುಗಳಿವೆ. ಹಾಗಾಗಿ ಡ್ರೈವರುಗಳೂ ಮೂರು.

ಆರು ವರ್ಷದ ಹಿಂದೆ ಯಾದಗಿರಿಯ ಒಂದು ಮಿಲ್ಲಿನಲ್ಲಿ ವಿಚಿತ್ರ ಕಾಯಿಲೆ ಕಾಣಿಸಿತು. ಒಂದು ಲಾರಿ ಇಳಿದು ಹೋಗಿ ಇನ್ನೊಂದು ಹತ್ತಿದರೂ ಪರದೆಯ ಮೇಲೆ ಹಿಂದಿನ ಲಾರಿಯ ತೂಕವೇ ನಿಂತಿರುತ್ತಿತ್ತು. ಮೌನೇಶ್ವರಿ ವಾರಗಟ್ಟಲೆ ತಲೆ ಕೆಡಿಸಿಕೊಂಡು ಕಾರಣ ಹಿಡಿದಳು. ಕಂಪ್ಯೂಟರನ್ನು ಆರಿಸದೆ ನಲವತ್ತೊಂಬತ್ತು ದಿನ ಬಿಟ್ಟರೆ ಡ್ರೈವರಿನ ಸಮಯದ ಲೆಕ್ಕ ತುಂಬಿ ಮತ್ತೆ ಸೊನ್ನೆಗೆ ಬರುತ್ತಿತ್ತು, ಅಲ್ಲಿಗೆ ಓದುವುದು ನಿಂತುಹೋಗುತ್ತಿತ್ತು. ತಿದ್ದಿದಳು. ಮರುವರ್ಷ ಸೈದಾಪುರದಲ್ಲಿ ಅದೇ ಕಾಯಿಲೆ. ಕಂಪನಿ ಬೇರೆ, ಡ್ರೈವರ್ ಬೇರೆ, ತಪ್ಪು ಮಾತ್ರ ಅಕ್ಷರಕ್ಕೆ ಅಕ್ಷರ ಅದೇ. ಅದರ ಮುಂದಿನ ವರ್ಷ ಶಹಾಪುರದಲ್ಲಿ, ಮೂರನೆಯ ಕಂಪನಿಯ ಕಾರ್ಡಿನಲ್ಲಿ.

ಶಹಾಪುರದಲ್ಲಿ ಆದದ್ದು ಬರೀ ಯಂತ್ರದ ಕತೆಯಾಗಿರಲಿಲ್ಲ. ಅಲ್ಲಿನ ತೂಕದವರು ದಸ್ತಗೀರಸಾಬರು, ಅರವತ್ತು ದಾಟಿದ ಮನುಷ್ಯ. ತಪ್ಪು ತೂಕ ಬರೆದುಕೊಂಡಿದ್ದಾರೆಂದು ಅವರ ಮೇಲೆ ಗುಮಾನಿ ಬಂದು, ಮಾಲೀಕ ಅವರನ್ನು ಎಂಟು ದಿನ ಮನೆಯಲ್ಲಿ ಕೂರಿಸಿದ್ದ. ಮೌನೇಶ್ವರಿ ಹೋಗಿ, ತಪ್ಪು ಸಾಬರದಲ್ಲ, ಡ್ರೈವರಿನದು ಎಂದು ಮಾಲೀಕನ ಕಣ್ಣೆದುರೇ ತೋರಿಸಿಕೊಟ್ಟಳು. ಅಂದಿನಿಂದ ದಸ್ತಗೀರಸಾಬರು ಅವಳ ಯಾವ ಮಾತಿಗೂ ಇಲ್ಲ ಎಂದವರಲ್ಲ.

ಅವಳಿಗೆ ಮಾತ್ರ ಸಿಟ್ಟು ಇಳಿಯಲಿಲ್ಲ. ಒಬ್ಬ ಬರೆದದ್ದನ್ನು ಇನ್ನಿಬ್ಬರು ಎತ್ತಿ ಬರೆದುಕೊಂಡಿದ್ದರು. ಒಂದು ಕಡೆ ತಿದ್ದಿದರೆ ಉಳಿದೆರಡು ಕಡೆ ಕೊಳೆತದ್ದು ಹಾಗೇ ಕೊಳೆಯುತ್ತಿತ್ತು. ಮೂರರಲ್ಲೂ ಒಂದೇ ಆಗಿರುವುದನ್ನು ಒಂದೇ ಕಡೆ ಇಡಬೇಕು, ಆಯಾ ಕಾರ್ಡಿನ ಸ್ವಭಾವವನ್ನಷ್ಟೇ ಬೇರೆ ಬೇರೆ ಬರೆಯಬೇಕು ಎಂದು ಹಟ ಹಿಡಿದಳು. ಮೂರು ವರ್ಷದ ಬೆಳಗುಗಳು ಇದಕ್ಕೇ ಹೋದವು.

ಕರ್ನೆಲ್ಲಿಗೆ ಏನನ್ನು ಸೇರಿಸಬೇಕಾದರೂ ಇಮೇಲ್ ಮೂಲಕ ಒಂದು ಲಿಸ್ಟಿಗೆ ಕಳಿಸಬೇಕು. ಲೋಕದ ಯಾರು ಬೇಕಾದರೂ ಅದನ್ನು ಓದಬಹುದು, ತಪ್ಪು ಎತ್ತಬಹುದು. ನಿಜವಾದ ಕಾರ್ಡಿನ ಮೇಲೆ ನಡೆಸಿ ನೋಡಿದವರ ಹೆಸರನ್ನು ‘ಪರೀಕ್ಷಿಸಿದವರು’ ಎಂದು ಕೆಳಗೆ ಒಂದು ಸಾಲಿನಲ್ಲಿ ಹಾಕುತ್ತಾರೆ. ಅಲ್ಲಿ ಯಾರೂ ಮೌನೇಶ್ವರಿಯ ಮುಖ ಕಂಡವರಲ್ಲ, ಅಂಗಡಿ ಕಂಡವರಲ್ಲ. ಅವಳಿಗಿದ್ದ ಆಸ್ತಿ ಅವಳ ಮಾತೊಂದೇ. ಅದು ಒಮ್ಮೆ ಸುಳ್ಳಾದರೆ ಮುಂದೆ ಅವಳ ಕಾಗದವನ್ನು ಯಾರೂ ಬಿಚ್ಚಿ ನೋಡುವುದಿಲ್ಲ.

ಎರಡು ಕಂಪನಿಯ ಕಾರ್ಡುಗಳು ಅಂಗಡಿಯಲ್ಲೇ ಇದ್ದವು. ಅವನ್ನು ತಾನೇ ಪರೀಕ್ಷಿಸಿದಳು. ಮೂರನೆಯ ಕಂಪನಿ ಎಂದೋ ಮುಚ್ಚಿಹೋಗಿತ್ತು. ಅದರ ಕಾರ್ಡು ಅವಳಿಗೆ ಗೊತ್ತಿದ್ದಂತೆ ಶಹಾಪುರದ ಕಾಂಟಾದಲ್ಲಿ ಮಾತ್ರ ಉಸಿರಾಡುತ್ತಿತ್ತು. ಅದರ ಹಳೆಯ ಡ್ರೈವರಿನಲ್ಲಿ ಕಾರ್ಡನ್ನು ಎಬ್ಬಿಸಿದ ಮೇಲೆ ಇಪ್ಪತ್ತು ಮಿಲಿಸೆಕೆಂಡು ಸುಮ್ಮನೆ ಕಾಯುವ ಒಂದು ಸಾಲಿತ್ತು. ಯಾಕೆ ಎಂದು ಬರೆದವನು ತಿಳಿಸಿರಲಿಲ್ಲ. ಉಳಿದೆರಡರಲ್ಲಿ ಅಂಥ ಸಾಲಿಲ್ಲ. ಯಾವನೋ ಅಂಜುಬುರುಕ ಬರೆದದ್ದು ಎಂದುಕೊಂಡು ಮೌನೇಶ್ವರಿ ಅದನ್ನು ತೆಗೆದುಹಾಕಿದಳು. ಮೂರನ್ನೂ ಒಂದು ಮಾಡುವ ಹುರುಪಿನಲ್ಲಿ ಎಲ್ಲವೂ ಒಂದೇ ಥರ ಕಾಣುವುದುಂಟು.

ಪೆನ್‌ಡ್ರೈವಿಗೆ ಹೊಸ ಕರ್ನೆಲ್ ಹಾಕಿ, ಏನೇನು ಮಾಡಬೇಕೆಂದು ಚೀಟಿ ಬರೆದು, ಪೇಪರಿನಲ್ಲಿ ಸುತ್ತಿ ದಾರ ಕಟ್ಟಿ, ಹತ್ತು ಗಂಟೆಯ ಶಹಾಪುರ ಬಸ್ಸಿನ ಕಂಡಕ್ಟರ್ ಕೈಗೆ ಕೊಟ್ಟಳು. ನಮ್ಮಲ್ಲಿ ಔಷಧದಿಂದ ಹಿಡಿದು ಲಗ್ನಪತ್ರಿಕೆಯವರೆಗೆ ಎಲ್ಲ ಹೋಗುವುದು ಹಾಗೆಯೇ. ಹನ್ನೊಂದೂಕಾಲಿಗೆ ದಸ್ತಗೀರಸಾಬರ ಫೋನು ಬಂತು.

“ನಡೀತು ಬೇಟಿ. ಏನೂ ಚಿಂತಿ ಮಾಡಬ್ಯಾಡ.”

ಬಸ್ಸು ಮುಟ್ಟುವುದಕ್ಕೇ ಹನ್ನೊಂದಾಗುತ್ತದೆ. ಕಾಂಟಾ ಖಾಲಿ ಮಾಡಿಸಿ, ತೂಕದ ಕಲ್ಲು ಇಟ್ಟು ನೋಡಲು ಕಡಿಮೆಯೆಂದರೂ ಮುಕ್ಕಾಲು ತಾಸು ಬೇಕು. ಇದು ಮೌನೇಶ್ವರಿಗೆ ಹೊಳೆಯಲಿಲ್ಲವೆಂದಲ್ಲ. ಹೊಳೆದದ್ದನ್ನು ಆಚೆ ತಳ್ಳಿದಳು. ಅಂದೇ ‘ಪರೀಕ್ಷಿಸಿದವರು’ ಎಂಬ ಸಾಲಿನಲ್ಲಿ ದಸ್ತಗೀರಸಾಬರ ಹೆಸರು ಹಾಕಿ ಲಿಸ್ಟಿಗೆ ಕಳಿಸಿದಳು. ಆ ವಿಭಾಗದ ಮೇಲ್ವಿಚಾರಕ ಚೆಕ್ ದೇಶದವನು, ಮಾತು ಕಡಿಮೆ. ‘ಚೆನ್ನಾಗಿದೆ’ ಎಂದು ಒಂದೇ ಪದ ಬರೆದು, ಎಲ್ಲರಿಗೂ ಬಿಡುವ ಮುಂಚೆ ನಡೆಸಿ ನೋಡುವ ಪ್ರಯೋಗದ ಕರ್ನೆಲ್ಲಿಗೆ ಸೇರಿಸಿಕೊಂಡ. ಅವತ್ತು ಅವಳು ತಾಯಿಯ ಕೈಲಿ ಶೇಂಗಾ ಹೋಳಿಗೆ ಮಾಡಿಸಿ ತಿಂದಳು.

ಜನವರಿಯಲ್ಲಿ ಪೋರ್ಚುಗಲ್ಲಿನ ಒಬ್ಬ ಬೀಜದ ವ್ಯಾಪಾರಿಯ ಕಾಗದ ಲಿಸ್ಟಿಗೆ ಬಂತು. ಅವನ ಗೋದಾಮಿನಲ್ಲೂ ಅದೇ ಮುಚ್ಚಿದ ಕಂಪನಿಯ ಕಾರ್ಡು. ಹೊಸ ಡ್ರೈವರ್ ಹಾಕಿದರೆ ಲಾರಿ ನಿಂತರೂ ಸೊನ್ನೆ ತೋರಿಸುತ್ತಿದೆ ಎಂದು ಬರೆದಿದ್ದ. ಅದರ ಕೆಳಗೆ ಮೇಲ್ವಿಚಾರಕನ ಪ್ರಶ್ನೆ: ‘ಇದೇ ಕಾರ್ಡಿನ ಮೇಲೆ ಪರೀಕ್ಷೆ ಆಗಿದೆಯಲ್ಲ. ಅಲ್ಲಿ ತೂಕ ಎಷ್ಟು ಬಂದಿತ್ತು?’

ಎಷ್ಟು ಬಂದಿತ್ತೆಂದು ಮೌನೇಶ್ವರಿ ಕೇಳಿಯೇ ಇರಲಿಲ್ಲ. ಅಂಗಡಿಗೆ ಬೀಗ ಹಾಕಿ ಬಸ್ಸು ಹತ್ತಿದಳು.

ದಸ್ತಗೀರಸಾಬರು ಮಧ್ಯಾಹ್ನದ ನಮಾಜು ಮುಗಿಸಿ ಆಗಷ್ಟೇ ಕಾಂಟಾದ ಕೋಣೆಗೆ ಬಂದಿದ್ದರು.

“ಚಾಚಾ, ಆ ಪೆನ್‌ಡ್ರೈವ್ ಹಾಕಿದಾಗ ಎಷ್ಟ ತೂಕ ಬಂದಿತ್ತ್ರಿ?”

ಅವರು ಮೇಜಿನ ಖಾನೆ ಎಳೆದರು. ಪೇಪರಿನ ಪೊಟ್ಟಣ ಒಳಗಿತ್ತು. ಅವಳು ಕಟ್ಟಿದ ದಾರದ ಗಂಟು ಬಿಚ್ಚಿರಲಿಲ್ಲ.

“ಅವತ್ತ ಇಪ್ಪತ್ತು ಲಾರಿ ಸಾಲಾಗಿ ನಿಂತಿದ್ವು ಬೇಟಿ. ಕಾಂಟಾ ಬಂದ್ ಮಾಡತೀನಂದ್ರ ಮಾಲಕ ಒಪ್ಪತಿದ್ದಿಲ್ಲ. ನಿನಗ ಇಲ್ಲ ಅನ್ನಾಕ ನಾಲಿಗಿ ಏಳಲಿಲ್ಲ. ನೀ ಮಾಡಿದ್ದು ಎಂದರ ಕೆಟ್ಟದ? ನಡೀತದ ಅಂತ ನನಗ ಪೂರಾ ಭರೋಸ ಇತ್ತು.”

ಮೌನೇಶ್ವರಿಗೆ ಮೈಯೆಲ್ಲ ಉರಿಯಿತು. ಮೂವತ್ತೊಂದು ವರ್ಷ ಆ ಕಿಟಕಿಯಲ್ಲಿ ಕೂತು, ಕಣ್ಣಿಗೆ ಕಂಡ ಅಂಕಿಯನ್ನು ಕಿಲೋ ತಪ್ಪದೆ ಕೂಗಿ ಹೇಳಿದ ಮನುಷ್ಯ ಇವರು.

“ಚಾಚಾ, ಕಾಂಟಾ ನೋಡದ ಒಂದರ ಲಾರಿ ತೂಕ ಹೇಳೀರೇನು, ಇಷ್ಟು ವರ್ಷದಾಗ?”

ಸಾಬರ ಮುಖ ಇಳಿದುಹೋಯಿತು. ಅಡ್ಡಡ್ಡ ತಲೆ ಆಡಿಸಿದರು.

ಹೇಳಿ ಮುಗಿಸಿದ ಮೇಲೆ ಮಾತು ತನ್ನ ಕಡೆಗೇ ತಿರುಗಿ ನಿಂತದ್ದು ಮೌನೇಶ್ವರಿಗೆ ತಿಳಿಯಿತು. ಅವರು ಅವಳನ್ನು ನಂಬಿ ನೋಡದೆ ಹೇಳಿದರು. ಅವಳು ಅವರನ್ನು ನಂಬಿ ಕೇಳದೆ ಬರೆದಳು. ನಮ್ಮ ಸೀಮೆಯ ಹಿರಿಯರು ಪ್ರೀತಿಯವರಿಗೆ ಇಲ್ಲ ಅನ್ನುವುದಿಲ್ಲ ಎಂಬುದು ಇಲ್ಲಿ ಹುಟ್ಟಿದವಳಿಗೆ ತಿಳಿಯದ್ದೇನಲ್ಲ. ಬೇರೆಯವರ ಡ್ರೈವರಿನಲ್ಲಿ ಎತ್ತಿ ಬರೆದ ತಪ್ಪು ಹುಡುಕಿ ಹುಡುಕಿ ಬೈದವಳು ತನ್ನ ಕಾಗದದಲ್ಲಿ ಮಾಡಿದ್ದೂ ಅದನ್ನೇ. ನಾಚಿಕೆಯಿಂದ ಅವಳಿಗೆ ಸಾಬರ ಮುಖ ನೋಡಲಾಗಲಿಲ್ಲ.

ದಸ್ತಗೀರಸಾಬರು ಎದ್ದು ಹೋಗಿ ಗೇಟು ಹಾಕಿದರು. ಹೊರಗೆ ನಿಂತ ಲಾರಿ ಡ್ರೈವರುಗಳಿಗೆ, “ಒಂದು ತಾಸು ಕಾಂಟಾ ಬಂದ್. ಮಾಲಕಗ ನಾ ಹೇಳತೀನಿ,” ಎಂದರು. ಮುದ್ರೆ ಹೊಡೆದ ಇಪ್ಪತ್ತು ಕಿಲೋದ ಹತ್ತು ಕಲ್ಲುಗಳನ್ನು ಯಾರನ್ನೂ ಕರೆಯದೆ ಒಂದೊಂದೇ ಹೊತ್ತು ತಂದು ಇಟ್ಟರು. ಪೊಟ್ಟಣ ಬಿಚ್ಚಿ ಹೊಸ ಡ್ರೈವರ್ ಹಾಕಿದರು. ಪರದೆಯ ಮೇಲೆ ಸೊನ್ನೆ. ಇನ್ನೊಮ್ಮೆ, ಸೊನ್ನೆ. ಮೌನೇಶ್ವರಿ ಲ್ಯಾಪ್‌ಟಾಪಿನಲ್ಲಿ ಆ ಇಪ್ಪತ್ತು ಮಿಲಿಸೆಕೆಂಡಿನ ಸಾಲನ್ನು ಈ ಕಾರ್ಡಿಗೆ ಮಾತ್ರ ವಾಪಸು ಸೇರಿಸಿಕೊಟ್ಟಳು. ಇನ್ನೂರು ಬಂತು.

ಅಲ್ಲೇ ಕೂತು ಲಿಸ್ಟಿಗೆ ಕಾಗದ ಬರೆದಳು. ‘ಪರೀಕ್ಷೆಯಲ್ಲಿ ಸ್ವಲ್ಪ ಗೊಂದಲವಾಯಿತು’ ಎಂದು ತೇಲಿಸಬಹುದಿತ್ತು. ಮನಸ್ಸು ಅತ್ತ ಹೋಗದೆಯೂ ಇರಲಿಲ್ಲ. ಆದರೆ ಬರೆದದ್ದು ಬೇರೆ: ಆ ಪರೀಕ್ಷೆ ನಡೆದೇ ಇರಲಿಲ್ಲ, ಅಂಕಿ ಕೇಳದೆ ಹೆಸರು ಹಾಕಿದ್ದು ನನ್ನ ತಪ್ಪು. ಸಾಬರು ಓದಿ ಹೇಳು ಎಂದರು. ಕನ್ನಡದಲ್ಲಿ ಹೇಳಿದಳು.

“ಅದರಾಗ ನನ್ನ ತಪ್ಪು ಎಲ್ಲದ?”

“ಅದ್ಯಾಕ ಚಾಚಾ. ಇಲ್ಲಿ ಬರದದ್ದು ಅಳಿಸಾಕ ಬರಂಗಿಲ್ಲ. ನಾಳೆ ನಿಮ್ಮ ಮೊಮ್ಮಕ್ಕಳೂ ಓದತಾರ.”

“ಓದಲಿ. ಸುಳ್ಳಿಗೆ ನನ್ನ ಹೆಸರು ಹಾಕಿದಿ, ಅದೂ ಅಳಿಸಂಗಿಲ್ಲ. ಹಂಗಾರ ಖರೇದಕ್ಕೂ ನನ್ನ ಹೆಸರೇ ಇರಲಿ. ದಸ್ತಗೀರಸಾಬ ನೋಡದ ಹೇಳಿದ್ದ, ಇವತ್ತ ನೋಡ್ಯಾನ, ಸೊನ್ನಿ ಬಂದದ ಅಂತ ಬರಿ.”

ಹಾಗೇ ಬರೆದಳು.

ಮರುದಿನ ಮೇಲ್ವಿಚಾರಕ ಆ ಇಡೀ ಕೆಲಸವನ್ನು ಪ್ರಯೋಗದ ಕರ್ನೆಲ್ಲಿನಿಂದ ತೆಗೆದುಹಾಕಿದ. ಬೈಯಲಿಲ್ಲ, ಹೊಗಳಲೂ ಇಲ್ಲ. ಮೂರು ಕಾರ್ಡುಗಳ ಮೇಲೂ ಬಂದ ಅಂಕಿಗಳನ್ನು ಸೇರಿಸಿ ಮತ್ತೆ ಕಳಿಸಿ, ನೋಡುತ್ತೇನೆ ಎಂದ. ಮೂರು ವರ್ಷದ ಕೆಲಸ ಬಾಗಿಲವರೆಗೆ ಹೋಗಿ ತಿರುಗಿ ಬಂತು. ಮೌನೇಶ್ವರಿ ಎರಡು ದಿನ ಬೆಳಿಗ್ಗೆ ಲ್ಯಾಪ್‌ಟಾಪ್ ತೆರೆಯಲೇ ಇಲ್ಲ. ಮೂರನೆಯ ದಿನ ತಿದ್ದಿದ್ದನ್ನು ಪೆನ್‌ಡ್ರೈವಿಗೆ ಹಾಕಿ ಮತ್ತೆ ಕಂಡಕ್ಟರ್ ಕೈಗೆ ಕೊಟ್ಟಳು. ತಾನು ಕಣ್ಣಾರೆ ಇನ್ನೂರು ಕಂಡದ್ದೇ, ಇದು ಬರೀ ಲೆಕ್ಕಕ್ಕೆ ಎಂದುಕೊಂಡಿದ್ದಳು.

ಅವತ್ತು ಫೋನು ಬರಲಿಲ್ಲ. ಮರುದಿನ ಬೆಳಿಗ್ಗೆ ಎಂಟಕ್ಕೆ ಬಂತು.

“ಇಲ್ಲ ಬೇಟಿ, ನಡಿಯಂಗಿಲ್ಲ,” ಎಂದರು ದಸ್ತಗೀರಸಾಬರು. “ನಿನ್ನೆ ಮಧ್ಯಾಹ್ನ ನಾಲ್ಕು ಸಲ ನೋಡೇನಿ, ಇನ್ನೂರು. ಇವತ್ತ ಮುಂಜಾನಿ ಥಂಡ್ಯಾಗ ನೋಡಿದ್ರ ಎರಡು ಸಲ ಸೊನ್ನಿ. ಹಳೇದೂ ಹಂಗ ಇತ್ತು. ಥಂಡ್ಯಾಗ ಎರಡೆರಡು ಸಲ ಬಂದ್ ಮಾಡಿ ಚಾಲೂ ಮಾಡತಿದ್ದೆ. ನಿನಗ ಹೇಳಿ ಯಾಕ ತ್ರಾಸ ಕೊಡಬೇಕಂತ ಸುಮ್ಮನಿದ್ದೆ.”

ಚಳಿಯಲ್ಲಿ ಕಾರ್ಡು ಏಳುವುದು ತಡ, ಇಪ್ಪತ್ತು ಮಿಲಿಸೆಕೆಂಡನ್ನು ಮೂವತ್ತು ಮಾಡಬೇಕು, ಪೋರ್ಚುಗಲ್ಲಿನ ಚಳಿಗೆ ಐವತ್ತೇ ಬೇಕಾದೀತು ಎಂದು ಮೌನೇಶ್ವರಿಯ ತಲೆ ಆಗಲೇ ಓಡತೊಡಗಿತ್ತು. ಈ ಮನುಷ್ಯನ ಬಾಯಿಂದ ಇಲ್ಲ ಎಂಬ ಮಾತನ್ನು ಅವಳು ಕೇಳಿದ್ದು ಇದೇ ಮೊದಲು. ಕೇಳಿ ಎಷ್ಟು ಸಂತೋಷವಾಯಿತೆಂದರೆ ಕಣ್ಣು ತುಂಬಿ ಬಂದವು. ಸ್ಟೂಲಿನ ಮೇಲಿನ ತಕ್ಕಡಿ ಇಳಿಸಿ ಕೂತು, ಪೆನ್ಸಿಲ್ ತೆಗೆದುಕೊಂಡಳು.

“ಒಂದೊಂದ ಸಾವಕಾಶ ಹೇಳ್ರಿ ಚಾಚಾ. ಬರ್ಕೋತೀನಿ.”